ತಕ್ಕಡಿ ಯಾರ ಕೈಯಲ್ಲಿರಬೇಕು? ತುರ್ತುಪರಿಸ್ಥಿತಿಯ ನಂತರ ಮತ್ತೆ ಕಟ್ಟಿದ ನ್ಯಾಯಾಂಗ



ಪುತ್ತೂರಿನ ಅಡಿಕೆ ಮಾರುಕಟ್ಟೆಗೆ ನಿಮ್ಮಲ್ಲಿ ಹಲವರು ಮನೆಯ ಹಿರಿಯರ ಜೊತೆ ಹೋಗಿರಬಹುದು. ಸುಳ್ಯ, ಕಡಬದ ಕಡೆಯಿಂದಲೂ ಅಲ್ಲಿಗೆ ಅಡಿಕೆ ಚೀಲಗಳು ಬರುತ್ತವೆ. ಅಲ್ಲಿನ ತೂಕದ ಯಂತ್ರದ ಮೇಲೆ ಸರಕಾರದ ಒಂದು ಮುದ್ರೆ ಇರುತ್ತದೆ. ಅದನ್ನು ಹಾಕುವವರು ಅಡಿಕೆ ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಅದಕ್ಕೆಂದೇ ಇರುವ ಇಲಾಖೆಯವರು ಬಂದು, ಯಂತ್ರವನ್ನು ಪರೀಕ್ಷಿಸಿ, ಮುದ್ರೆ ಒತ್ತಿ ಹೋಗುತ್ತಾರೆ. ಕೊಳ್ಳುವವರೇ ತಮಗೆ ಬೇಕಾದಂತೆ ಯಂತ್ರವನ್ನು ತಿರುಗಿಸಿಕೊಳ್ಳಬಹುದು ಎಂದಾದರೆ ಏನಾಗುತ್ತದೆ? ಅವರು ಪ್ರಾಮಾಣಿಕರೇ ಆಗಿದ್ದರೂ ಬೆಳೆಗಾರನಿಗೆ ನಂಬಿಕೆ ಉಳಿಯುವುದಿಲ್ಲ.

ನಾನು ಕಾಲೇಜಿನಲ್ಲಿ ಕಲಿತದ್ದು ವಿಜ್ಞಾನ. ಪ್ರಯೋಗಾಲಯದಲ್ಲಿ ನಮಗೆ ಕಲಿಸಿದ ಮೊದಲ ಪಾಠವೂ ಇದೇ: ಅಳೆಯುವ ಸಾಧನ, ಅಳೆಯಲ್ಪಡುವ ವಸ್ತುವಿನ ಹಿಡಿತದಲ್ಲಿ ಇರಬಾರದು. ನ್ಯಾಯಾಂಗ ಸ್ವತಂತ್ರವಾಗಿರಬೇಕು ಎನ್ನುವುದರ ತಿರುಳೂ ಇಷ್ಟೇ. ಸರಕಾರ ಮಾಡಿದ್ದು ಸರಿಯೋ ತಪ್ಪೋ ಎಂದು ತೂಗಿ ನೋಡುವ ತಕ್ಕಡಿ ಸರಕಾರದ ಕೈಯಲ್ಲೇ ಇರಬಾರದು.

ಹೇಳುವುದು ಸುಲಭ. ಆದರೆ ಒಂದು ದೇಶದಲ್ಲಿ ಆ ತಕ್ಕಡಿಯನ್ನು ಒಮ್ಮೆ ಕಿತ್ತುಕೊಂಡಾಗಿದೆ ಎಂದಿಟ್ಟುಕೊಳ್ಳಿ. ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುವುದು ಹೇಗೆ? ಇದಕ್ಕೆ ಉದಾಹರಣೆ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ದೇಶವೇ 1975ರಿಂದ 1977ರವರೆಗೆ ಆ ಸ್ಥಿತಿಯನ್ನು ಕಂಡಿದೆ. ಆ ಕಥೆಯ ಮುಖ್ಯ ಪಾತ್ರಗಳಲ್ಲಿ ಕೆಲವರು ನಿಮ್ಮ ಊರಿನ ಆಸುಪಾಸಿನವರೇ.

ಒಂದೇ ಊರು, ಎರಡು ಅಧಿಕಾರ

ಮೊದಲು ಕಣ್ಣಿಗೆ ಕಾಣುವ ವಿಷಯದಿಂದ ಆರಂಭಿಸೋಣ. ಪುತ್ತೂರಿನಲ್ಲಿ ಸಹಾಯಕ ಆಯುಕ್ತರ ಕಚೇರಿ ಇದೆ. ಪುತ್ತೂರು, ಸುಳ್ಯ, ಬೆಳ್ತಂಗಡಿ ಮತ್ತು ಇತ್ತೀಚೆಗೆ ತಾಲೂಕಾದ ಕಡಬ ಈ ಉಪವಿಭಾಗಕ್ಕೆ ಸೇರಿವೆ. ಸಹಾಯಕ ಆಯುಕ್ತರು ಉಪವಿಭಾಗದ ದಂಡಾಧಿಕಾರಿಯೂ ಹೌದು. ಶಾಂತಿಭಂಗವಾಗುವ ಭಯವಿದ್ದಾಗ ಜನ ಗುಂಪು ಸೇರದಂತೆ ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಅವರಿಗಿದೆ. ಅದೇ ಊರಿನಲ್ಲಿ ನ್ಯಾಯಾಲಯವೂ ಇದೆ. ಅಲ್ಲಿಯೂ ಮ್ಯಾಜಿಸ್ಟ್ರೇಟರು ಇದ್ದಾರೆ. ಆದರೆ ಇವರು ಬೇರೆ, ಅವರು ಬೇರೆ.

ಸಹಾಯಕ ಆಯುಕ್ತರು ಕಾರ್ಯಾಂಗಕ್ಕೆ ಸೇರಿದವರು. ಅವರ ವರ್ಗಾವಣೆ ಸರಕಾರದ ಕೈಯಲ್ಲಿದೆ. ನ್ಯಾಯಾಲಯದ ಮ್ಯಾಜಿಸ್ಟ್ರೇಟರು ನ್ಯಾಯಾಂಗಕ್ಕೆ ಸೇರಿದವರು. ಸಂವಿಧಾನದ 235ನೇ ವಿಧಿಯ ಪ್ರಕಾರ ಅವರ ವರ್ಗಾವಣೆ, ಬಡ್ತಿ, ರಜೆ ಎಲ್ಲವೂ ಹೈಕೋರ್ಟಿನ ಹತೋಟಿಯಲ್ಲಿವೆ. ಕಾರ್ಯಾಂಗದಿಂದ ನ್ಯಾಯಾಂಗವನ್ನು ಬೇರ್ಪಡಿಸಬೇಕು ಎಂದು ಸಂವಿಧಾನದ 50ನೇ ವಿಧಿ ಹೇಳುತ್ತದೆ. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ಈ ಎರಡು ಬಗೆಯ ಮ್ಯಾಜಿಸ್ಟ್ರೇಟರನ್ನು ಸ್ಪಷ್ಟವಾಗಿ ವಿಂಗಡಿಸಿತು. 2024ರ ಜುಲೈನಿಂದ ಅದರ ಸ್ಥಾನದಲ್ಲಿ ಬಂದ ಹೊಸ ಸಂಹಿತೆಯಲ್ಲೂ ಈ ವಿಂಗಡಣೆ ಉಳಿದಿದೆ. ಬ್ರಿಟಿಷರ ಕಾಲದಲ್ಲಿ ಹೀಗಿರಲಿಲ್ಲ. ಕಂದಾಯ ವಸೂಲಿ ಮಾಡುವ ಕಲೆಕ್ಟರರೇ ದಂಡಾಧಿಕಾರಿಯೂ ಆಗಿರುತ್ತಿದ್ದರು.

ಹಿಡಿಯುವವರು ಒಬ್ಬರು, ಹಿಡಿದದ್ದು ಸರಿಯೇ ಎಂದು ನೋಡುವವರು ಇನ್ನೊಬ್ಬರು. ಸ್ವತಂತ್ರ ನ್ಯಾಯಾಂಗದ ಅಡಿಗಲ್ಲು ಇದು.

ಜರ್ಮನಿಯಿಂದ ಎಡನೀರಿಗೆ

ಈಗ ಸ್ವಲ್ಪ ದೂರ ಹೋಗೋಣ. ಹಿಟ್ಲರನ ಆಳ್ವಿಕೆಯಲ್ಲಿ ಜರ್ಮನಿಯ ನ್ಯಾಯಾಲಯಗಳ ಬಾಗಿಲು ಮುಚ್ಚಿರಲಿಲ್ಲ. ನ್ಯಾಯಾಧೀಶರು ಪ್ರತಿದಿನ ಪೀಠದಲ್ಲಿ ಕುಳಿತು ತೀರ್ಪು ಕೊಡುತ್ತಿದ್ದರು. ಕಾನೂನಿನ ಹೆಸರಿನಲ್ಲೇ ಅನ್ಯಾಯ ನಡೆಯಿತು. ಆದ್ದರಿಂದ 1949ರಲ್ಲಿ ಪಶ್ಚಿಮ ಜರ್ಮನಿ ಹೊಸ ಸಂವಿಧಾನ ಬರೆದಾಗ ಎರಡು ಎಚ್ಚರಿಕೆ ವಹಿಸಿತು. ಒಂದು, ಮನುಷ್ಯನ ಘನತೆಯಂಥ ಕೆಲವು ಮೂಲತತ್ವಗಳನ್ನು ಸಂಸತ್ತು ಎಷ್ಟೇ ಬಹುಮತವಿದ್ದರೂ ಅಳಿಸುವಂತಿಲ್ಲ ಎಂದು ಬರೆದಿಟ್ಟಿತು. ಇನ್ನೊಂದು, ಅದನ್ನು ಕಾಯಲು 1951ರಲ್ಲಿ ಕಾರ್ಲ್ಸ್‌ರೂಹೆ ನಗರದಲ್ಲಿ ಹೊಸದೊಂದು ಸಂವಿಧಾನ ನ್ಯಾಯಾಲಯವನ್ನು ತೆರೆಯಿತು. ಹಳೆಯ ನ್ಯಾಯಾಧೀಶರಲ್ಲಿ ಅನೇಕರು ಇತರ ನ್ಯಾಯಾಲಯಗಳಿಗೆ ಮರಳಿ ಬಂದಿದ್ದರಿಂದ, ಮೇಲೆ ಹೊಸ ಕಾವಲು ಬೇಕಾಗಿತ್ತು.

ಡೀಟ್ರಿಶ್ ಕಾನ್ರಾಡ್ ಎಂಬ ಜರ್ಮನ್ ವಿದ್ವಾಂಸರು 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. ಅವರು ಎತ್ತಿದ ಪ್ರಶ್ನೆ ಹೀಗಿತ್ತು: ಭಾರತದ ಸಂಸತ್ತು ಮೂರನೇ ಎರಡು ಬಹುಮತದಿಂದ ಜೀವಿಸುವ ಹಕ್ಕನ್ನೇ ತೆಗೆದುಹಾಕಬಹುದೇ? ಈ ವಾದವನ್ನು ಸುಪ್ರೀಂ ಕೋರ್ಟಿನ ಮುಂದೆ, 1967ರ ಗೋಲಕ್‌ನಾಥ್ ಪ್ರಕರಣದಲ್ಲಿ ಇಟ್ಟವರು ಎಂ. ಕೆ. ನಂಬಿಯಾರ್. ಅವರು ಹಿಂದೆ ಮಂಗಳೂರಿನಲ್ಲಿ ವಕೀಲಿ ಮಾಡಿದವರು.

ಮುಂದಿನ ಹೆಜ್ಜೆ ಇನ್ನೂ ಹತ್ತಿರದ್ದು. ಕಲ್ಲಡ್ಕದಿಂದ ವಿಟ್ಲ, ಪೆರ್ಲ, ಬದಿಯಡ್ಕ ದಾಟಿ ಚೆರ್ಕಳಕ್ಕೆ ಹೋಗುವ ದಾರಿಯಲ್ಲಿ ಎಡನೀರು ಮಠ ಸಿಗುತ್ತದೆ. ಯಕ್ಷಗಾನ ಪ್ರಿಯರಿಗೆ ಈ ಮಠ ಚೆನ್ನಾಗಿ ಗೊತ್ತು. ಆ ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 13 ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಏಳು ನ್ಯಾಯಾಧೀಶರು ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ಬಹುಮತದ ನಿರ್ಣಯ. ನಿರ್ಣಾಯಕ ಮತ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರದು. ಈ ಹೆಸರನ್ನು ನೆನಪಿಡಿ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆ ದಿನಗಳಲ್ಲಿ ನ್ಯಾಯಾಲಯಗಳ ಬಗ್ಗೆ ಬಡವರಲ್ಲಿ ಅಸಮಾಧಾನವಿತ್ತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕುಟುಂಬಗಳು ಗೇಣಿಗೆ ದುಡಿಯುತ್ತಿದ್ದವು. 1974ರ ಭೂಸುಧಾರಣೆಯ ನಂತರ 7ನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟು ಭೂಮಿ ಪಡೆದ ಅಜ್ಜಂದಿರು ನಿಮ್ಮ ಮನೆಗಳಲ್ಲೂ ಇರಬಹುದು. ಅವರ ಕಣ್ಣಿಗೆ, ಆಸ್ತಿಯ ಹಕ್ಕನ್ನು ಎತ್ತಿಹಿಡಿಯುವ ಕೋರ್ಟು ಒಡೆಯರ ಪರವಾಗಿರುವಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಸರಕಾರವೂ ಅದನ್ನೇ ಹೇಳಿತು. ಸುಧಾರಣೆಗೆ ನ್ಯಾಯಾಧೀಶರು ಅಡ್ಡಿ, ಆದ್ದರಿಂದ ಅವರನ್ನು ಹದ್ದುಬಸ್ತಿನಲ್ಲಿ ಇಡಬೇಕು ಎಂಬ ವಾದ ಹುಟ್ಟಿದ್ದು ಹೀಗೆ. ಆದರೆ ಎಡನೀರಿನ ತೀರ್ಪಿನಿಂದ ಭೂಸುಧಾರಣೆ ನಿಲ್ಲಲಿಲ್ಲ. ಉಳಿದದ್ದು ಮೂಲ ಸ್ವರೂಪದ ತತ್ವ.

ಕೌಡೂರಿನ ನ್ಯಾಯಮೂರ್ತಿ

ತೀರ್ಪು ಬಂದ ಮರುದಿನವೇ ಸರಕಾರ ಹೊಸ ಮುಖ್ಯ ನ್ಯಾಯಾಧೀಶರ ಹೆಸರು ಪ್ರಕಟಿಸಿತು. ಅದುವರೆಗೆ ಸೇವೆಯಲ್ಲಿ ಹಿರಿಯರಾದವರೇ ಆ ಸ್ಥಾನಕ್ಕೆ ಬರುವುದು ರೂಢಿ. ಈ ಬಾರಿ ಜೆ. ಎಂ. ಶೇಲತ್, ಕೆ. ಎಸ್. ಹೆಗ್ಡೆ, ಎ. ಎನ್. ಗ್ರೋವರ್ ಎಂಬ ಮೂವರು ಹಿರಿಯರನ್ನು ಹಿಂದಿಕ್ಕಿ ಎ. ಎನ್. ರೇ ಅವರನ್ನು ನೇಮಿಸಲಾಯಿತು. ಮೂವರೂ ಸರಕಾರಕ್ಕೆ ಒಪ್ಪಿಗೆಯಾಗದ ತೀರ್ಪು ಕೊಟ್ಟವರು. ಮೂವರೂ ರಾಜೀನಾಮೆ ಕೊಟ್ಟರು.

ಇವರಲ್ಲಿ ಕೆ. ಎಸ್. ಹೆಗ್ಡೆ ಕಾರ್ಕಳ ತಾಲೂಕಿನ ಕೌಡೂರಿನವರು. 1952ರಿಂದ 1957ರವರೆಗೆ ಕಾಂಗ್ರೆಸ್ಸಿನಿಂದ ರಾಜ್ಯಸಭೆಯ ಸದಸ್ಯರಾಗಿದ್ದವರು. ಆಮೇಲೆ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಪಕ್ಷದಿಂದ ಬಂದವರೂ ಪೀಠದ ಮೇಲೆ ಕುಳಿತಾಗ ಪಕ್ಷವನ್ನು ಮರೆಯಬಲ್ಲರು ಎನ್ನುವುದಕ್ಕೆ ಅವರು ಉದಾಹರಣೆ. ಆದರೆ ಅವರ ರಾಜೀನಾಮೆ ಉಳಿದ ನ್ಯಾಯಾಧೀಶರಿಗೆ ಕೊಟ್ಟ ಸಂದೇಶ ಬೇರೆ: ಸರಕಾರದ ವಿರುದ್ಧ ತೀರ್ಪು ಕೊಟ್ಟರೆ ಬಡ್ತಿ ತಪ್ಪುತ್ತದೆ. ತಕ್ಕಡಿಯ ಮೇಲೆ ಬೆರಳು ಬಿದ್ದದ್ದು ತುರ್ತುಪರಿಸ್ಥಿತಿಗಿಂತ ಎರಡು ವರ್ಷ ಮೊದಲೇ, ಇಲ್ಲಿ.

ಯಾಕೆ ಹಿಡಿದಿರಿ ಎಂದು ಕೇಳುವಂತಿಲ್ಲ

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸತ್ತಿನ ಸಮಿತಿಯೊಂದರ ಸಭೆಗೆ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಮರುದಿನ ಅಲ್ಲೇ ಬಂಧಿಸಿದರು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಆಕಾಶವಾಣಿ, ದೂರದರ್ಶನಗಳು ಆಗ ನೇರವಾಗಿ ಸರಕಾರದ ಅಂಗಗಳಾಗಿದ್ದವು. ಅವುಗಳಲ್ಲಿ ಬಂದದ್ದು ಸರಕಾರದ ಮಾತು ಮಾತ್ರ. ಸುದ್ದಿಯ ಬಾಗಿಲು ಮುಚ್ಚಿದಾಗ ಜನರಿಗೆ ಉಳಿದದ್ದು ಕೋರ್ಟಿನ ಬಾಗಿಲು.

ಹೇಬಿಯಸ್ ಕಾರ್ಪಸ್ ಎಂಬ ಪದ ನೀವು ಕೇಳಿರಬಹುದು. ಬಂಧಿಸಿದವರನ್ನು ನ್ಯಾಯಾಲಯದ ಮುಂದೆ ತನ್ನಿ, ಯಾವ ಕಾನೂನಿನ ಪ್ರಕಾರ ಬಂಧಿಸಿದಿರಿ ಎಂದು ಹೇಳಿ ಎಂದು ಕೇಳುವ ಅರ್ಜಿ ಅದು. ಆಂತರಿಕ ಭದ್ರತಾ ಕಾಯ್ದೆ, ಅಂದರೆ ‘ಮೀಸಾ’ ಅಡಿಯಲ್ಲಿ ಬಂಧಿತರಾದವರ ಪರವಾಗಿ ದೇಶದ ಹಲವು ಹೈಕೋರ್ಟುಗಳಲ್ಲಿ ಇಂಥ ಅರ್ಜಿಗಳು ಬಂದವು. ಕರ್ನಾಟಕ ಹೈಕೋರ್ಟು ಸೇರಿದಂತೆ ಒಂಬತ್ತು ಹೈಕೋರ್ಟುಗಳು ಇವನ್ನು ವಿಚಾರಿಸುವ ಅಧಿಕಾರ ತಮಗಿದೆ ಎಂದವು. ಬೆಂಗಳೂರಿನಲ್ಲಿ ಈ ಪ್ರಕರಣಗಳಲ್ಲಿ ದುಡಿದ ವಕೀಲರಲ್ಲಿ ಎಂ. ರಾಮಾ ಜೋಯಿಸರೂ ಒಬ್ಬರು. ಅವರನ್ನೂ ಜೈಲಿಗೆ ಹಾಕಿದರು.

ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರ ಪೀಠ ತೀರ್ಪು ಕೊಟ್ಟಿತು. ಇದು ಎ.ಡಿ.ಎಂ. ಜಬಲ್‌ಪುರ ಪ್ರಕರಣ. ತುರ್ತುಪರಿಸ್ಥಿತಿ ಇರುವವರೆಗೆ ಬಂಧಿತನು ಕೋರ್ಟಿಗೆ ಹೋಗುವಂತಿಲ್ಲ ಎಂದರು ನಾಲ್ವರು. ಪೊಲೀಸನೊಬ್ಬ ದ್ವೇಷದಿಂದ ಒಬ್ಬನ ಪ್ರಾಣ ತೆಗೆದರೂ ಪರಿಹಾರವಿಲ್ಲವೇ ಎಂದು ವಿಚಾರಣೆಯಲ್ಲಿ ಖನ್ನಾ ಕೇಳಿದಾಗ, ಸರಕಾರದ ಪರವಾಗಿ ಬಂದ ಉತ್ತರ, ತುರ್ತುಪರಿಸ್ಥಿತಿ ಇರುವಷ್ಟು ಕಾಲ ಇಲ್ಲ ಎಂದೇ. ಭಿನ್ನ ತೀರ್ಪು ಬರೆದವರು ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಮುಖ್ಯ ನ್ಯಾಯಾಧೀಶರ ಸ್ಥಾನ ಅವರಿಗೆ ಬರಬೇಕಿತ್ತು. ಕಿರಿಯರಾದ ಎಂ. ಎಚ್. ಬೇಗ್ ಅವರಿಗೆ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಈ ತೀರ್ಪಿನ ಬೆಲೆ ತೆತ್ತವರು ಯಾರು? ಬೆಂಗಳೂರಿನ ಕಲಾವಿದೆ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಸೆಂಟ್ರಲ್ ಜೈಲಿನಲ್ಲಿದ್ದರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಂಗಳೂರು ಮೂಲದ ಜಾರ್ಜ್ ಫೆರ್ನಾಂಡಿಸರ ತಮ್ಮ ಲಾರೆನ್ಸ್ ಪೊಲೀಸರ ವಶದಲ್ಲಿ ಚಿತ್ರಹಿಂಸೆ ಅನುಭವಿಸಿದರು. ಕೋರ್ಟಿನ ಬಾಗಿಲು ಮುಚ್ಚಿದರೆ ಕತ್ತಲೆ ಕೋಣೆಯಲ್ಲಿ ಏನಾಗುತ್ತದೆ ಎನ್ನುವುದು ಹೊರಗಿನವರಿಗೆ ತಿಳಿಯುವುದೇ ಇಲ್ಲ.

ನ್ಯಾಯಾಧೀಶರಿಗೂ ಬಿಸಿ ತಟ್ಟಿತು. 1976ರಲ್ಲಿ ಹದಿನಾರು ಹೈಕೋರ್ಟ್ ನ್ಯಾಯಾಧೀಶರನ್ನು ಅವರ ಒಪ್ಪಿಗೆಯಿಲ್ಲದೆ ದೂರದ ರಾಜ್ಯಗಳಿಗೆ ವರ್ಗ ಮಾಡಲಾಯಿತು. ಕರ್ನಾಟಕದ ಡಿ. ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋಗಬೇಕಾಯಿತು, ಸದಾನಂದಸ್ವಾಮಿ ಗುವಾಹಟಿಗೆ. ಸರಕಾರ ಕೊಟ್ಟ ಕಾರಣ ರಾಷ್ಟ್ರೀಯ ಏಕತೆ. ಅದೇ ವರ್ಷದ 42ನೇ ತಿದ್ದುಪಡಿ, ಸಂವಿಧಾನ ತಿದ್ದುಪಡಿಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂದು ಬರೆಯಿತು.

ಮತ್ತೆ ಕಟ್ಟಿದ್ದು ಹೇಗೆ?

1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದು ಸರಕಾರ ಬದಲಾಯಿತು. ರಾಜೀನಾಮೆ ಕೊಟ್ಟಿದ್ದ ಕೆ. ಎಸ್. ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಮುರಿದದ್ದನ್ನು ಜೋಡಿಸುವ ಕೆಲಸ ಹಲವು ದಿಕ್ಕಿನಿಂದ ನಡೆಯಿತು. ಅವನ್ನು ಒಂದೊಂದಾಗಿ ಗಮನಿಸಿ.

ಮೊದಲನೆಯದು ಕಾನೂನಿನ ದುರಸ್ತಿ. 43 ಮತ್ತು 44ನೇ ತಿದ್ದುಪಡಿಗಳು ನ್ಯಾಯಾಲಯಗಳಿಂದ ಕಿತ್ತುಕೊಂಡಿದ್ದ ಅಧಿಕಾರಗಳಲ್ಲಿ ಹೆಚ್ಚಿನವನ್ನು ಮರಳಿ ಕೊಟ್ಟವು. 1978ರ 44ನೇ ತಿದ್ದುಪಡಿಯ ನಂತರ, ಒಳಗಿನ ಗಲಭೆ ಎಂಬ ಸಡಿಲ ಕಾರಣ ಕೊಟ್ಟು ತುರ್ತುಪರಿಸ್ಥಿತಿ ಹೇರಲಾಗದು. ಸಶಸ್ತ್ರ ದಂಗೆ, ಯುದ್ಧ ಅಥವಾ ಹೊರಗಿನ ಆಕ್ರಮಣವೇ ಇರಬೇಕು. ಮಂತ್ರಿಮಂಡಲದ ಲಿಖಿತ ಸಲಹೆ ಬೇಕು, ಒಂದು ತಿಂಗಳೊಳಗೆ ಸಂಸತ್ತಿನ ವಿಶೇಷ ಬಹುಮತದ ಒಪ್ಪಿಗೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ. ಆಗ ರಾಜ್ಯಸಭೆಯಲ್ಲಿ ಜನತಾ ಪಕ್ಷಕ್ಕೆ ಬಹುಮತವಿರಲಿಲ್ಲ. ಕಾಂಗ್ರೆಸ್ ಸದಸ್ಯರೂ ಕೈಜೋಡಿಸಿದ್ದರಿಂದಲೇ ತಿದ್ದುಪಡಿ ಸಾಧ್ಯವಾಯಿತು.

ಎರಡನೆಯದು ನ್ಯಾಯಾಧೀಶರ ಮರಳುವಿಕೆ. ವರ್ಗವಾದವರಿಗೆ ತಮ್ಮ ಹೈಕೋರ್ಟಿಗೆ ಹಿಂದಿರುಗುವ ದಾರಿ ತೆರೆಯಿತು. ಡಿ. ಎಂ. ಚಂದ್ರಶೇಖರ್ 1978ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರೇ ಆದರು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಸಂಯಮ. 1978ರಲ್ಲಿ ಮುಖ್ಯ ನ್ಯಾಯಾಧೀಶರ ಸ್ಥಾನ ಖಾಲಿಯಾದಾಗ ಹಿರಿಯರಾಗಿದ್ದವರು ವೈ. ವಿ. ಚಂದ್ರಚೂಡ್. ಜಬಲ್‌ಪುರ ಪ್ರಕರಣದಲ್ಲಿ ಬಹುಮತದ ಕಡೆಗಿದ್ದವರು. ಅವರನ್ನು ನೇಮಿಸಬಾರದು ಎಂದು ಹಲವರು ಒತ್ತಾಯಿಸಿದರು. ಆ ತೀರ್ಪಿನಿಂದ ಜೈಲಿನಲ್ಲೇ ಉಳಿಯಬೇಕಾಗಿದ್ದವರು ಈಗ ಮಂತ್ರಿಗಳಾಗಿದ್ದರು. ಮನಸ್ಸು ಮಾಡಿದ್ದರೆ ಸೇಡು ತೀರಿಸಿಕೊಳ್ಳಬಹುದಿತ್ತು. ಆದರೆ ಸರಕಾರ ಹಿರಿತನದ ರೂಢಿಯನ್ನೇ ಪಾಲಿಸಿತು. ಯೋಚಿಸಿ ನೋಡಿ: ಇಷ್ಟವಿಲ್ಲದ ತೀರ್ಪು ಕೊಟ್ಟವರನ್ನು ಹೊಸ ಸರಕಾರವೂ ಬದಿಗೆ ಸರಿಸಿದ್ದರೆ, 1973ರ ತಪ್ಪೇ ನಿಯಮವಾಗಿಬಿಡುತ್ತಿತ್ತು.

ನಾಲ್ಕನೆಯದು ತೀರ್ಪುಗಳ ಮೂಲಕ ನಡೆದ ದುರಸ್ತಿ. ಇದರಲ್ಲಿ ಕರ್ನಾಟಕದ ಹೆಸರು ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು 42ನೇ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆ ಪೀಠದ ಮುಖ್ಯಸ್ಥರು ಚಂದ್ರಚೂಡರೇ. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಅವರ ಸರಕಾರವನ್ನು ವಜಾ ಮಾಡಿದ ವಿಷಯದಲ್ಲಿ 1994ರಲ್ಲಿ ತೀರ್ಪು ಬಂದು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು ಎಂದಾಯಿತು. ಕೊನೆಗೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಜಬಲ್‌ಪುರ ತೀರ್ಪು ತಪ್ಪು ಎಂದು ಘೋಷಿಸಿತು. ಹಾಗೆ ಬರೆದವರಲ್ಲಿ ಡಿ. ವೈ. ಚಂದ್ರಚೂಡ್ ಒಬ್ಬರು, ವೈ. ವಿ. ಚಂದ್ರಚೂಡರ ಮಗ. ಕಾನೂನು ಬದಲಾಗಲು ಎರಡು ವರ್ಷ ಸಾಕಾಯಿತು. ತಪ್ಪು ತೀರ್ಪನ್ನು ನ್ಯಾಯಾಲಯವೇ ಅಳಿಸಲು ನಲವತ್ತೊಂದು ವರ್ಷ ಹಿಡಿಯಿತು.

ದಕ್ಷಿಣ ಆಫ್ರಿಕದ ದಾರಿ

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ವರ್ಣಭೇದದ ಆಳ್ವಿಕೆ 1994ರಲ್ಲಿ ಕೊನೆಗೊಂಡಾಗ ದಕ್ಷಿಣ ಆಫ್ರಿಕ ಹಳೆಯ ನ್ಯಾಯಾಧೀಶರನ್ನು ಹೊರಹಾಕಲಿಲ್ಲ. ಅವರ ಮೇಲೆ ಹನ್ನೊಂದು ಮಂದಿಯ ಹೊಸ ಸಂವಿಧಾನ ನ್ಯಾಯಾಲಯವನ್ನು ಕೂರಿಸಿತು. ನ್ಯಾಯಾಧೀಶರಾಗಬಯಸುವವರನ್ನು ಒಂದು ಆಯೋಗ ಬಹಿರಂಗವಾಗಿ ಸಂದರ್ಶನ ಮಾಡುತ್ತದೆ. 1995ರಲ್ಲಿ ಆ ನ್ಯಾಯಾಲಯ ಅಧ್ಯಕ್ಷ ನೆಲ್ಸನ್ ಮಂಡೇಲಾ ಅವರದೇ ಘೋಷಣೆಗಳನ್ನು ರದ್ದುಮಾಡಿತು. ನ್ಯಾಯಾಲಯದ ಮುಖ್ಯಸ್ಥ ಆರ್ಥರ್ ಚಾಸ್ಕಲ್ಸನ್ ಹಿಂದೆ ಮಂಡೇಲಾ ಪರವಾಗಿ ವಾದಿಸಿದ್ದ ವಕೀಲರಲ್ಲಿ ಒಬ್ಬರು! ಮಂಡೇಲಾ ತೀರ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಇಂದು ಆ ನ್ಯಾಯಾಲಯ ಇರುವುದು ಗಾಂಧೀಜಿಯನ್ನೂ ಮಂಡೇಲಾರನ್ನೂ ಹಿಂದೆ ಕೂಡಿಹಾಕಿದ್ದ ಜೈಲಿನ ಆವರಣದಲ್ಲಿ. ಕೆಡವಿದ ಕಟ್ಟಡದ ಇಟ್ಟಿಗೆಗಳನ್ನೇ ಹೊಸ ಗೋಡೆಗೆ ಬಳಸಿದ್ದಾರೆ.

ಮುಗಿಯದ ಕೆಲಸ

ಹಾಗಾದರೆ ನಮ್ಮಲ್ಲಿ ಎಲ್ಲವೂ ಸರಿಯಾಯಿತೇ? ಇಲ್ಲ. ನ್ಯಾಯಾಧೀಶರನ್ನು ಯಾರು ಆರಿಸಬೇಕು ಎಂಬ ಜಗಳ ಇಂದಿಗೂ ಮುಗಿದಿಲ್ಲ. 1993ರ ತೀರ್ಪಿನಿಂದ, ಹಿರಿಯ ನ್ಯಾಯಾಧೀಶರೇ ಹೆಸರು ಸೂಚಿಸುವ ಕೊಲಿಜಿಯಂ ಪದ್ಧತಿ ಬಂತು. ಸರಕಾರದ ಬೆರಳು ತಕ್ಕಡಿಯಿಂದ ದೂರವಾಯಿತು, ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ನ್ಯಾಯಾಧೀಶರೇ ನ್ಯಾಯಾಧೀಶರನ್ನು ಆರಿಸುವುದು ಸರಿಯೇ ಎಂಬ ಪ್ರಶ್ನೆ ಹುಟ್ಟಿತು. ಅದಕ್ಕೆ ಬದಲಾಗಿ 2014ರಲ್ಲಿ ಸಂಸತ್ತು ರಚಿಸಿದ ನೇಮಕಾತಿ ಆಯೋಗವನ್ನು 2015ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ನಿವೃತ್ತಿಯ ನಂತರ ನ್ಯಾಯಾಧೀಶರು ಸರಕಾರ ಕೊಡುವ ಹುದ್ದೆ ಸ್ವೀಕರಿಸಬಹುದೇ ಎಂಬುದೂ ಚರ್ಚೆಯಲ್ಲಿದೆ. ದೇಶದ ಕೋರ್ಟುಗಳಲ್ಲಿ ಕೋಟಿಗಟ್ಟಲೆ ಪ್ರಕರಣಗಳು ಬಾಕಿ ಇವೆ. ಸ್ವತಂತ್ರ ನ್ಯಾಯಾಲಯವಿದ್ದೂ ತೀರ್ಪು ಮೊಮ್ಮಗನ ಕಾಲಕ್ಕೆ ಬಂದರೆ ಅಜ್ಜನಿಗೆ ಏನು ಪ್ರಯೋಜನ?

ಒಂದು ವಿಷಯವನ್ನು ಮಾತ್ರ ಮರೆಯಬೇಡಿ. 1975ರಲ್ಲಿ ಸಂವಿಧಾನ ಇತ್ತು, ಸುಪ್ರೀಂ ಕೋರ್ಟು ಇತ್ತು, ಹೇಬಿಯಸ್ ಕಾರ್ಪಸ್ ಕೂಡ ಪುಸ್ತಕದಲ್ಲಿತ್ತು. ಇಷ್ಟೆಲ್ಲ ಇದ್ದೂ ನಾಲ್ಕು ಮಂದಿ ಒಂದು ಕಡೆ ನಿಂತಾಗ ಬಾಗಿಲು ಮುಚ್ಚಿತು. ಒಳ್ಳೆಯ ಕಾನೂನು ಬೇಕು. ಅದರ ಜೊತೆಗೆ ಸ್ಥಾನ ಹೋದರೂ ಸರಿ ಎನ್ನುವ ಖನ್ನಾರಂಥ ನ್ಯಾಯಾಧೀಶರು ಬೇಕು, ಧೈರ್ಯವಾಗಿ ಅರ್ಜಿ ಬರೆಯುವ ವಕೀಲರು ಬೇಕು, ತನಗಾಗದ ತೀರ್ಪನ್ನೂ ಪಾಲಿಸುವ ಸರಕಾರ ಬೇಕು. ಇವರೆಲ್ಲರನ್ನೂ ಗಮನಿಸುತ್ತಿರುವ ಪ್ರಜೆಗಳು ಬೇಕು. ಕೊನೆಯ ಪಾತ್ರ ನಿಮ್ಮದು.

ಚರ್ಚೆಗೆ ಕೆಲವು ಪ್ರಶ್ನೆಗಳು

ಕಾರ್ಯಕ್ರಮ ನೋಡಿದ ಮೇಲೆ ನಿಮ್ಮ ಶಾಲೆ, ಕಾಲೇಜಿನಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿ.

1. ಜನರಿಂದ ಆರಿಸಿ ಬಂದ ಸಂಸತ್ತಿನ ತೀರ್ಮಾನವನ್ನು, ಜನರಿಂದ ಆರಿಸಿ ಬಾರದ ನ್ಯಾಯಾಧೀಶರು ರದ್ದು ಮಾಡುವುದು ಸರಿಯೇ?

2. 1978ರಲ್ಲಿ ನೀವು ಕಾನೂನು ಮಂತ್ರಿಯಾಗಿದ್ದರೆ ವೈ. ವಿ. ಚಂದ್ರಚೂಡರನ್ನು ಮುಖ್ಯ ನ್ಯಾಯಾಧೀಶರಾಗಿ ನೇಮಿಸುತ್ತಿದ್ದಿರಾ? ಎರಡೂ ಕಡೆಯ ವಾದಗಳನ್ನು ಪಟ್ಟಿ ಮಾಡಿ.

3. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ 1975ರಿಂದ 1977ರವರೆಗಿನ ದಿನಗಳ ಬಗ್ಗೆ, ಭೂಸುಧಾರಣೆಯ ಬಗ್ಗೆ ಕೇಳಿ ಬರೆದುಕೊಳ್ಳಿ. ಎಲ್ಲರ ನೆನಪು ಒಂದೇ ಬಗೆಯಾಗಿದೆಯೇ?

4. ನ್ಯಾಯಾಧೀಶರ ನೇಮಕಕ್ಕೆ ದಕ್ಷಿಣ ಆಫ್ರಿಕದಂತೆ ಬಹಿರಂಗ ಸಂದರ್ಶನ ನಮ್ಮಲ್ಲೂ ಬೇಕೇ?

ಇನ್ನೊಂದು ಸಲಹೆ. ಸಾಮಾನ್ಯವಾಗಿ ನ್ಯಾಯಾಲಯದ ಕಲಾಪ ಸಾರ್ವಜನಿಕರಿಗೆ ತೆರೆದಿರುತ್ತದೆ. ನಿಮ್ಮ ಅಧ್ಯಾಪಕರ ಮೂಲಕ ಮೊದಲೇ ವಿಚಾರಿಸಿ, ಒಂದು ದಿನ ಪುತ್ತೂರಿನ ಅಥವಾ ಸುಳ್ಯದ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತು ನೋಡಿ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕಲಾಪಗಳನ್ನು 2022ರ ಸೆಪ್ಟೆಂಬರಿನಿಂದ ನೇರ ಪ್ರಸಾರದಲ್ಲೂ ತೋರಿಸುತ್ತಿದ್ದಾರೆ. ಆದರೆ ಸಾಮಾನ್ಯ ಮನುಷ್ಯನೊಬ್ಬ ಸರಕಾರಿ ಅಧಿಕಾರಿಯ ಎದುರು ನಿಂತು, ನೀವು ಮಾಡಿದ್ದು ಕಾನೂನಿಗೆ ಸರಿಯಲ್ಲ ಎಂದು ವಕೀಲರ ಬಾಯಿಂದ ಹೇಳಿಸುವುದನ್ನು ಕಣ್ಣಾರೆ ನೋಡಿದಾಗ, ಈ ಪುಟಗಳಲ್ಲಿ ಓದಿದ್ದು ನಿಮಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.